ಬಿಟ್ಟು ಬರುವ ವಿದ್ಯೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಸು, ನಾಯಿಗಳ ವಿಚಾರವೇ ಹೆಚ್ಚು. ಆದರೆ ಈಚೀಚೆಗೆ ಕುದುರೆಯ ಪ್ರಶ್ನೆಗಳೂ ತಪ್ಪದೆ ಬರುತ್ತಿವೆ. ಬರೆಯುವವರು ಬೇರೆ ಬೇರೆ ಊರಿನವರು, ಕೇಳುವುದು ಮಾತ್ರ ಒಂದೇ. ‘ರೇಸಿನಿಂದ ಕೈಬಿಟ್ಟ ಕುದುರೆಯನ್ನು ತೋಟಕ್ಕೆ ತಂದಿದ್ದೇವೆ’ ಎಂದೋ, ‘ಮದುವೆ ಮೆರವಣಿಗೆಗೆ ದುಡಿಯುತ್ತಿದ್ದದ್ದನ್ನು ಬಿಡಿಸಿಕೊಂಡು ಬಂದೆವು’ ಎಂದೋ, ‘ಟಾಂಗಾದವರು ಸಾಕಲಾರದೆ ಕೊಟ್ಟುಬಿಟ್ಟರು’ ಎಂದೋ ಪತ್ರ ಶುರುವಾಗುತ್ತದೆ. ಹೊಟ್ಟೆ ತುಂಬ ಹುಲ್ಲು ಹಾಕುತ್ತೇವೆ, ಮನೆಯಲ್ಲಿ ಯಾರೂ ಕೋಲು ಮುಟ್ಟುವುದಿಲ್ಲ, ಆದರೂ ಹತ್ತಿರ ಹೋದರೆ ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸುತ್ತದೆ, ಇಲ್ಲವೇ ಮೂಲೆ ಸೇರಿ ನಮಗೆ ಬೆನ್ನು ಮಾಡಿ ನಿಲ್ಲುತ್ತದೆ ಎಂಬ ನೋವು ಅದರ ಹಿಂದೆಯೇ ಬರುತ್ತದೆ. ಕೊನೆಗೆ ಕೇಳುತ್ತಾರೆ: ಅದಕ್ಕೆ ನಮ್ಮ ಮೇಲೆ ನಂಬಿಕೆ ಬರಬೇಕು, ಗೌರವವೂ ಇರಬೇಕು, ಏನು ಮಾಡೋಣ?

ಕುದುರೆ ನಮ್ಮ ನಾಡಿಗೆ ಹೊಸದಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ನಮ್ಮಲ್ಲೇ ಇದೆ. ಬೆಂಗಳೂರು, ಮೈಸೂರುಗಳಲ್ಲಿ ರೇಸ್ ನಡೆಯುತ್ತದೆ. ಮೈಸೂರಿನ ಬೀದಿಗಳಲ್ಲಿ ಟಾಂಗಾ, ಸಾರೋಟು ಇನ್ನೂ ಅಷ್ಟಿಷ್ಟು ಓಡುತ್ತಿವೆ. 1400ರ ಸುಮಾರಿಗೇ ಅಭಿನವಚಂದ್ರ ಎಂಬಾತ ಕನ್ನಡದಲ್ಲಿ ‘ಅಶ್ವವೈದ್ಯ’ ಬರೆದಿದ್ದ. ಹೊಸದೇನೆಂದರೆ, ದುಡಿಮೆಗಲ್ಲದೆ ಬರೀ ಕರುಣೆಯಿಂದ ಕುದುರೆ ತರುವ ಮನೆಗಳು. ಇದು ಸಂತೋಷದ ವಿಷಯ. ರೇಸಿನ ಕುದುರೆ ಎರಡನೆಯ ವರ್ಷಕ್ಕೇ ಓಟಕ್ಕೆ ಇಳಿಯುತ್ತದೆ, ಏಳೆಂಟು ವರ್ಷ ಆಗುವಷ್ಟರಲ್ಲಿ ಬಹುತೇಕ ಅದರ ಓಟ ಮುಗಿದಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬಾಳುತ್ತದೆ. ಅಂದರೆ ಮನುಷ್ಯರಿಗೆ ಬೇಡವಾದ ಮೇಲೆ ಅದರ ಮುಂದೆ ಉಳಿಯುವುದು ಆಯುಸ್ಸಿನ ಮುಕ್ಕಾಲು ಪಾಲು. ಆ ಮುಕ್ಕಾಲು ಪಾಲನ್ನು ನೆಮ್ಮದಿಯಿಂದ ಕಳೆಯಲಿ ಎಂದು ಯಾರೋ ಗೇಟು ತೆರೆಯುತ್ತಾರಲ್ಲ, ಅವರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೆ ಗೇಟು ತೆರೆದವರು ತನಗೆ ಒಳ್ಳೆಯದು ಮಾಡಿದರು ಎಂಬುದು ಕುದುರೆಗೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟು: ಲಾರಿಗೆ ಹತ್ತಿಸಿದರು, ಅಲುಗಾಡಿಸಿಕೊಂಡು ತಂದರು, ಗೊತ್ತಿಲ್ಲದ ಜಾಗದಲ್ಲಿ ಇಳಿಸಿದರು. ಹಿಂದೆಯೂ ಹಾಗೆಯೇ ಆಗಿತ್ತು.

ನಂಬಿಕೆಯ ಮಾತಿಗೆ ಮೊದಲು ನೋವಿನ ಮಾತು ಬರಬೇಕು. ಪಶುವೈದ್ಯನಾಗಿ ನಾನು ನೋಡಿದ ‘ಕೋಪಿಷ್ಠ’ ಕುದುರೆಗಳಲ್ಲಿ ದೊಡ್ಡ ಪಾಲು ನೋವಿನಲ್ಲಿದ್ದವು. ಕುದುರೆಯ ಜಠರ ದೇಹಕ್ಕೆ ಹೋಲಿಸಿದರೆ ಬಹಳ ಚಿಕ್ಕದು, 8ರಿಂದ 15 ಲೀಟರು ಹಿಡಿದರೆ ಹೆಚ್ಚು. ಆದರೆ ಅದರಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ತಿಂದಾಗ ಮಾತ್ರವಲ್ಲ. ದಿನದ ಬಹುಪಾಲು ಹೊತ್ತು ಮೇಯುತ್ತಲೇ ಇರುವ ಪ್ರಾಣಿಗಾಗಿ ಮಾಡಿದ ಹೊಟ್ಟೆ ಅದು. ಎರಡು ಹೊತ್ತು ಕಾಳು ಹಾಕಿ ನಡುವೆ ಖಾಲಿ ನಿಲ್ಲಿಸಿದರೆ ಹುಣ್ಣಾಗುತ್ತದೆ. ರೇಸಿನಿಂದ ಬಂದ ಕುದುರೆಗಳಲ್ಲಂತೂ ಹೊಟ್ಟೆಹುಣ್ಣು ಇಲ್ಲದ್ದೇ ಅಪರೂಪ. ಜೀನಿನ ಪಟ್ಟಿ ಬಿಗಿಯುವ ಜಾಗಕ್ಕೆ ಕೈ ಇಟ್ಟೊಡನೆ ತಿರುಗಿ ಕಚ್ಚಲು ಬರುವ ಕುದುರೆಯನ್ನು ‘ದುಷ್ಟ’ ಎನ್ನುವ ಮೊದಲು ಅದರ ಹೊಟ್ಟೆಯನ್ನು ವಿಚಾರಿಸಬೇಕು. ಹಲ್ಲಿನ ಚೂಪು ಅಂಚು ಕೆನ್ನೆಯ ಒಳಗನ್ನು ಕೊರೆಯುತ್ತಿರಬಹುದು, ಗೊರಸು ಬೆಳೆದು ಕಾಲಿನ ನೇರ ಕೆಟ್ಟಿರಬಹುದು, ಬೆನ್ನಿನಲ್ಲಿ ಹಳೆಯ ಜೀನಿನ ಗಾಯ ಒಳಗೇ ಉಳಿದಿರಬಹುದು.

ಕುದುರೆ ನೋವನ್ನು ಬಚ್ಚಿಡುತ್ತದೆ, ಪೂರ್ತಿಯಾಗಿ ಬಚ್ಚಿಡಲಾರದು. 2014ರಲ್ಲಿ ಯುರೋಪಿನ ಸಂಶೋಧಕರು ಕುದುರೆಯ ಮುಖದಲ್ಲಿ ನೋವು ಓದುವ ಅಳತೆಗೋಲೊಂದನ್ನು ಪ್ರಕಟಿಸಿದರು. ಕಿವಿ ಬಿಗಿದು ಹಿಂದಕ್ಕೆ ನಿಲ್ಲುವುದು, ಕಣ್ಣು ಕಿರಿದಾಗುವುದು, ಕಣ್ಣಿನ ಮೇಲೆ ಬಿಗಿತ, ದವಡೆಯ ಸ್ನಾಯು ಎದ್ದು ಕಾಣುವುದು, ತುಟಿ ಬಿಗಿದು ಗಲ್ಲ ಉಬ್ಬುವುದು, ಮೂಗಿನ ಹೊಳ್ಳೆ ಸೆಟೆಯುವುದು, ಈ ಆರನ್ನು ನೋಡಿ ಅಂಕ ಕೊಡಬಹುದು. ಪತ್ರ ಬರೆದವರೆಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ: ಫೋನಿನಲ್ಲಿ ಕುದುರೆಯ ಮುಖವನ್ನು ಪಕ್ಕದಿಂದ ತೆಗೆದು, ಸದ್ದಿಲ್ಲದ ಹೊತ್ತಿನಲ್ಲಿ ಕುಳಿತು ನೋಡಿ. ಆಮೇಲೆ ವೈದ್ಯರನ್ನು ಕರೆಸಿ. ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಆಗಿದೆಯೇ ಎಂದು ಅದೇ ದಿನ ಕೇಳಿ. ಆ ರೋಗ ಮನುಷ್ಯರಿಗೂ ಹರಡುತ್ತದೆ, ಫಲಿತಾಂಶ ಬರುವವರೆಗೆ ಹೊಸ ಕುದುರೆ ಬೇರೆಯೇ ಇರಬೇಕು.

ಎರಡನೆಯದು ಊಟ. ಎಲುಬು ಕಾಣುವ ಕುದುರೆ ಬಂದರೆ ನಮ್ಮ ಜನರ ಕೈ ನೇರ ಹುರುಳಿಯ ಮೂಟೆಗೆ, ಬೆಲ್ಲದ ಡಬ್ಬಿಗೆ ಹೋಗುತ್ತದೆ. ದಯವಿಟ್ಟು ಬೇಡ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಗೇ ಕಾಳು, ಸಿಹಿ ಹೋದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ, ಮೈ ಕೈ ತುಂಬಿಕೊಳ್ಳಬೇಕಾದ ಹೊತ್ತಿನಲ್ಲಿ ಕುದುರೆ ಕುಸಿದು ಸಾಯಬಹುದು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು ಇದನ್ನು ಅಧ್ಯಯನ ಮಾಡಿ, ‘ಕುದುರೆ ಮಸಾಲೆ’ ಎಂಬ ಮೇವನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ ಕೊಡುವುದೇ ಸರಿ ಎಂದು ಹೇಳಿದ್ದಾರೆ. ನಂಬಿಕೆಗೂ ಇದು ಒಳ್ಳೆಯದೇ. ದಿನಕ್ಕೆ ಹಲವು ಸಲ ಹುಲ್ಲು ಹಿಡಿದು ಬಂದು, ಹಾಕಿ, ಏನೂ ಕೇಳದೆ ಹೊರಟುಹೋಗುವ ಮನುಷ್ಯ ಅದಕ್ಕೆ ಅಲ್ಲಿಯವರೆಗೆ ಸಿಕ್ಕಿರುವುದಿಲ್ಲ.

‘ಏನೂ ಕೇಳದೆ ಹೊರಟುಹೋಗುವುದು’ ಎಂದೆನಲ್ಲ, ನನ್ನ ಮಟ್ಟಿಗೆ ಇಡೀ ವಿದ್ಯೆ ಇರುವುದು ಅಲ್ಲಿಯೇ. ಹತ್ತಿರ ಹೋಗುವುದನ್ನು ನಾವೆಲ್ಲ ಕಲಿಯಲು ಹೊರಡುತ್ತೇವೆ. ಕುದುರೆ ಗಮನಿಸುವುದು ನಾವು ಯಾವಾಗ ದೂರ ಸರಿಯುತ್ತೇವೆ ಎಂಬುದನ್ನು.

ಕಾರಣ ಅದರ ಕಣ್ಣಿನಲ್ಲೇ ಇದೆ. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಕುದುರೆಯ ಕಣ್ಣು ಅತಿ ದೊಡ್ಡವುಗಳಲ್ಲಿ ಒಂದು. ತಲೆಯ ಎರಡು ಪಕ್ಕದಲ್ಲಿ ಕೂತಿರುವ ಆ ಕಣ್ಣುಗಳಿಂದ ಅದು ತನ್ನ ಸುತ್ತಿನ 360 ಡಿಗ್ರಿಯಲ್ಲಿ ಹೆಚ್ಚು ಕಡಿಮೆ 350ನ್ನು ನೋಡುತ್ತದೆ. ಕಾಣದೆ ಉಳಿಯುವುದು ಎರಡೇ ಜಾಗ: ಬಾಲದ ನೇರ ಹಿಂದೆ, ಮತ್ತು ಹಣೆಯ ನೇರ ಮುಂದೆ. ನಾವು ಪ್ರೀತಿಯಿಂದ ಎದುರು ನಿಂತು ಹಣೆ ಸವರಲು ಕೈ ಚಾಚುವುದು ಸರಿಯಾಗಿ ಆ ಕಾಣದ ಜಾಗಕ್ಕೆ. ಹುಲಿಯೋ ತೋಳವೋ ನೇರ ಗೆರೆಯಲ್ಲಿ, ಕಣ್ಣು ನೆಟ್ಟು, ಮೈ ಬಿಗಿಹಿಡಿದು ಬರುತ್ತದೆ. ಕುದುರೆಯನ್ನು ಒಲಿಸಿಕೊಳ್ಳಲೇಬೇಕೆಂದು ಹೊರಟ ಮನುಷ್ಯನೂ ಹಾಗೆಯೇ ಬರುತ್ತಾನೆ. ಓಡಿ ಬದುಕಿದ ಜಾತಿ ಅದು. ‘ಓಡಲು ಜಾಗವಿದೆ’ ಎಂದು ಗೊತ್ತಾದಾಗ ಮಾತ್ರ ಅದಕ್ಕೆ ನಿಲ್ಲುವ ಧೈರ್ಯ ಬರುತ್ತದೆ. ಆದ್ದರಿಂದಲೇ ಇಕ್ಕಟ್ಟಾದ ಲಾಯದಲ್ಲಿ, ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕಿ ನಂಬಿಕೆ ಬೆಳೆಸಲಾಗದು. ಅಲ್ಲಿ ಬರುವುದು ಶರಣಾಗತಿ.

ಟಾಂಗಾದ ಕುದುರೆಗಳಿಗೆ ಇನ್ನೊಂದು ತೊಡಕು. ವರ್ಷಗಟ್ಟಲೆ ಕಣ್ಣುಪಟ್ಟಿ ಕಟ್ಟಿಕೊಂಡು ನೇರ ದಾರಿಯಷ್ಟನ್ನೇ ನೋಡಿದ ಪ್ರಾಣಿ ಅದು. ಪಟ್ಟಿ ತೆಗೆದರೆ ಜಗತ್ತು ಎರಡೂ ಬದಿಯಿಂದ ಒಮ್ಮೆಗೇ ಒಳನುಗ್ಗುತ್ತದೆ. ಹಗ್ಗದ ಮೇಲೆ ಒಣಗುವ ಪಂಚೆ, ಪಕ್ಕದ ಹೊಲದ ಟ್ರ್ಯಾಕ್ಟರು, ಬೆನ್ನ ಹಿಂದೆ ನಡೆಯುವ ಮಗು, ಎಲ್ಲವೂ ಬೆದರಿಸುತ್ತವೆ.

ಮೈಸೂರಿನ ಹತ್ತಿರದ ತೋಟವೊಂದರಲ್ಲಿ ಅಂಥ ಒಂದು ಹೆಣ್ಣು ಕುದುರೆಯನ್ನು ನೋಡಲು ನನ್ನನ್ನು ಕರೆದಿದ್ದರು. ಕಂದು ಮೈ, ಹಣೆಯಲ್ಲಿ ಬಿಳಿ ಚುಕ್ಕೆ, ಚಂದ್ರಿ ಎಂದು ಹೆಸರಿಟ್ಟಿದ್ದರು. ಟಾಂಗಾಕ್ಕೂ ಮದುವೆಗೂ ದುಡಿದು ಬಂದದ್ದು. ಮೈ ಎಲ್ಲಿ ಮುಟ್ಟಿದರೂ ಹೇಗೋ ಸಹಿಸುತ್ತಿತ್ತು, ತಲೆಯ ಹತ್ತಿರ ಕೈ ಬಂದರೆ ಮುಂಗಾಲೆತ್ತಿ ನಿಲ್ಲುತ್ತಿತ್ತು. ಮನೆಯವರಿಗೆ ಕಾರಣ ತಿಳಿದಿರಲಿಲ್ಲ. ಅರಿವಳಿಕೆ ಕೊಟ್ಟು ಬಾಯಿ ತೆರೆದಾಗ ಕಾರಣ ಕಂಡಿತು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಕುದುರೆಗೆ ಬರೀ ವಸಡಿನ ಜಾಗ ಇರುತ್ತದೆ, ಕಡಿವಾಣ ಕೂರುವುದು ಅಲ್ಲಿ. ಚಂದ್ರಿಗೆ ಎರಡೂ ಕಡೆ ಆ ವಸಡು ಗಟ್ಟಿಯಾಗಿ, ಗಂಟುಗಂಟಾಗಿ, ನಡುನಡುವೆ ಸಾಲಾಗಿ ತೂತು ಬಿದ್ದಂತೆ ಗುಳಿಗಳಾಗಿದ್ದವು. ನಾಲಿಗೆಯ ಒಂದು ಅಂಚು ಸೀಳಿ ಹಾಗೆಯೇ ಮಾಗಿತ್ತು. ಮುಳ್ಳಿನ ಕಡಿವಾಣದ ಗುರುತು ಅದು. ಮೆರವಣಿಗೆಯಲ್ಲಿ ಪಟಾಕಿ ಸಿಡಿದಾಗಲೂ ಬ್ಯಾಂಡಿನ ತಾಳಕ್ಕೆ ಕುಣಿಯುತ್ತಿದೆ ಎಂದು ಜನ ನೋಟು ನಿವಾಳಿಸುತ್ತಾರಲ್ಲ, ಆ ‘ಕುಣಿತ’ ಎಷ್ಟೋ ಸಲ ಬಾಯೊಳಗಿನ ಮುಳ್ಳಿನಿಂದ ತಪ್ಪಿಸಿಕೊಳ್ಳುವ ಒದ್ದಾಟ. ಭಾರ ಎಳೆಯುವ, ಹೊರುವ ಪ್ರಾಣಿಗಳ ಕುರಿತ 1965ರ ನಿಯಮಗಳು ಮುಳ್ಳಿರುವ ಕೋಲು, ಕಡಿವಾಣಗಳನ್ನು ನಿಷೇಧಿಸಿವೆ. ಅರವತ್ತು ವರ್ಷ ದಾಟಿದರೂ ಅವು ಬಳಕೆಯಲ್ಲಿವೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಚಂದ್ರಿಯ ಬಾಯಿ ಮಾಗಿತ್ತು, ಭಯ ಮಾಗಿರಲಿಲ್ಲ. ಅಲ್ಲಿಗೆ ಹುಲ್ಲು ತಂದು ಹಾಕುತ್ತಿದ್ದ ವಯಸ್ಸಾದವರೊಬ್ಬರು ಜೀವನಪೂರ್ತಿ ಟಾಂಗಾ ಓಡಿಸಿದವರು. ಮನೆಯವರೆಲ್ಲ ಅವರನ್ನು ‘ಚಾಚಾ’ ಎನ್ನುತ್ತಿದ್ದರು. ಅವರು ಮಾಡಿದ್ದನ್ನು ಬೇಲಿಯ ಹೊರಗೆ ನಿಂತು ನೋಡಿದೆ. ಹಗ್ಗ ಇಲ್ಲ, ಕೈಯಲ್ಲಿ ತಿಂಡಿಯೂ ಇಲ್ಲ. ಚಂದ್ರಿಯ ಕಡೆಗೆ ನೇರ ಹೋಗದೆ, ದೊಡ್ಡ ಬಳಸಿನಲ್ಲಿ, ಅದರ ಭುಜದ ದಿಕ್ಕಿಗೆ ನಿಧಾನವಾಗಿ ನಡೆದರು. ಅದರ ಹತ್ತಿರದ ಕಿವಿ ಅವರ ಕಡೆ ತಿರುಗಿ ನಿಂತಿತು. ಚಾಚಾ ಅಲ್ಲೇ ನಿಂತರು. ಕಿವಿ ಸಡಿಲವಾಯಿತು, ಬಿಗಿದಿದ್ದ ಕೆಳತುಟಿ ಸ್ವಲ್ಪ ಜೋತಿತು. ಅಷ್ಟೇ, ತಿರುಗಿ ಹೊರಟೇಬಿಟ್ಟರು! ಇನ್ನೆರಡು ಹೆಜ್ಜೆ ಹೋಗಿದ್ದರೆ ಮುಟ್ಟಬಹುದಿತ್ತು. ನಾನು ಹಾಗೆಂದಾಗ, ‘ಹತ್ರ ಹೋಗೋದು ಎಲ್ರಿಗೂ ಬರ್ತದೆ ಡಾಕ್ಟ್ರೇ, ಬಿಟ್ಟು ಬರೋದು ಬರಬೇಕು. ಅದು ಹೆದರಿ ಓಡೋಕ್ಕೆ ಮುಂಚೇನೇ ನಾವು ಬಂದುಬಿಡಬೇಕು’ ಎಂದರು.

ಅವರು ಹೇಳಿದ್ದರಲ್ಲಿ ಕಲಿಕೆಯ ಶಾಸ್ತ್ರವೇ ಇದೆ. ಕುದುರೆ ಪಾಠ ಕಲಿಯುವುದು ಒತ್ತಡ ಬಿದ್ದಾಗಲ್ಲ, ಒತ್ತಡ ಬಿಟ್ಟ ಆ ಗಳಿಗೆಯಲ್ಲಿ. ನಾವು ಹತ್ತಿರ ನಿಂತಿರುವುದೇ ಅದಕ್ಕೆ ಒತ್ತಡ. ಅದು ಬೆದರಿ ಓಡಿದಾಗ ನಾವು ಹಿಂದೆ ಸರಿದರೆ, ‘ಓಡಿದರೆ ಇವರು ಹೋಗುತ್ತಾರೆ’ ಎಂದು ಕಲಿಯುತ್ತದೆ. ಹಲ್ಲು ತೋರಿಸಿದಾಗ ಸರಿದರೆ, ಹಲ್ಲು ತೋರಿಸುವುದನ್ನು ಕಲಿಯುತ್ತದೆ. ಶಾಂತವಾಗಿ ನಿಂತು ಉಸಿರು ಬಿಟ್ಟ ಕೂಡಲೇ ಸರಿದರೆ, ‘ನಾನು ನಿರಾಳವಾಗಿ ನಿಂತರೆ ಇವರು ಜಾಗ ಕೊಡುತ್ತಾರೆ’ ಎಂದು ತಿಳಿಯುತ್ತದೆ. ಹೀಗೆ ಸರಿಯುವುದು ಒಂದೆರಡು ಸೆಕೆಂಡಿನ ಒಳಗೆ ಆಗಬೇಕು. ತಡವಾದರೆ ಕುದುರೆ ಅದನ್ನು ಬೇರೆ ಯಾವುದಕ್ಕೋ ತಳಕು ಹಾಕಿಕೊಳ್ಳುತ್ತದೆ. ಹಾಗಾಗಿ ಗಡಿಯಾರ ಇಟ್ಟುಕೊಂಡು ಗಂಟೆಗಟ್ಟಲೆ ‘ತರಬೇತಿ’ ಕೊಡುವುದಕ್ಕಿಂತ, ದಿನದಲ್ಲಿ ನಾಲ್ಕಾರು ಸಲ ಹೋಗಿ, ಚಿಕ್ಕದೊಂದು ಒಪ್ಪಿಗೆ ಸಿಕ್ಕೊಡನೆ ಮರಳುವುದು ಹೆಚ್ಚು ಫಲ ಕೊಡುತ್ತದೆ. ಬೇಸಾಯದ ಮನೆಗಳಲ್ಲಿ ಇದು ಸುಲಭ. ಹೇಗೂ ಕೊಟ್ಟಿಗೆಗೆ, ಬಾವಿಗೆ ಓಡಾಡುತ್ತಲೇ ಇರುತ್ತೀರಿ.

ಒಪ್ಪಿಗೆಯ ಗುರುತುಗಳು ಬಹಳ ಸಣ್ಣವು. ತಲೆ ಒಂದು ಗೇಣು ಕೆಳಗಿಳಿಯುವುದು, ಕಣ್ಣು ಪಿಳುಕಿಸುವುದು, ಮೂಗಿನಿಂದ ಉದ್ದನೆಯ ಉಸಿರು ಬಿಡುವುದು, ಹಿಂಗಾಲೊಂದನ್ನು ಸಡಿಲಿಸಿ ನಿಲ್ಲುವುದು. ತುಟಿ ನೆಕ್ಕಿ ಅಗಿಯುವುದನ್ನು ಕೆಲವು ತರಬೇತುದಾರರು ‘ನನಗೆ ಶರಣಾಯಿತು’ ಎನ್ನುತ್ತಾರೆ. ಅದು ಸರಿಯಲ್ಲ. ಆತಂಕದ ಸ್ಥಿತಿಯಿಂದ ನಿರಾಳಕ್ಕೆ ದಾಟುವಾಗ ಕುದುರೆ ಹಾಗೆ ಮಾಡುತ್ತದೆ. ಅಂದರೆ ಸ್ವಲ್ಪ ಮೊದಲು ಅದು ಆತಂಕದಲ್ಲಿತ್ತು ಎಂದೂ ಅರ್ಥ.

ಮುಟ್ಟುವ ದಿನ ಬಂದಾಗ ಹಣೆಗೆ ಕೈ ಹಾಕಬೇಡಿ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಇರುತ್ತದೆ. ಎರಡು ಕುದುರೆಗಳು ಎದುರುಬದುರು ನಿಂತು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲಿ. ಫ್ರಾನ್ಸಿನ ಕಮಾರ್ಗ್ ಪ್ರದೇಶದ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಜಾಗವನ್ನು ಕೈಯಿಂದ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ, ಬೇರೆ ಕಡೆ ಕೆರೆದರೆ ಇಳಿಯುವುದಿಲ್ಲ ಎಂದು ಕಂಡುಬಂತು. ಆರೋಗ್ಯವಂತ ಕುದುರೆಯ ಎದೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಇದನ್ನು ಎಣಿಸಲು ಮನೆಯಲ್ಲೊಬ್ಬರು ಕಲಿತರೆ, ‘ಸುಮ್ಮನೆ ನಿಂತಿದೆ’ ಮತ್ತು ‘ನಿರಾಳವಾಗಿದೆ’ ಎಂಬುದರ ನಡುವಿನ ವ್ಯತ್ಯಾಸ ಕೈಗೆ ಸಿಗುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಕುದುರೆ ಎಲ್ಲಿ ಮುಟ್ಟಿಸಿಕೊಳ್ಳಲು ಇಷ್ಟಪಡುತ್ತದೋ ಅಲ್ಲಿ ಮುಟ್ಟಿ ಎಂದೂ, ಸಿಟ್ಟಿನಲ್ಲಿ ಎಂದೂ ಅದರ ಬಳಿ ಹೋಗಬೇಡಿ ಎಂದೂ ಹೇಳಿದ್ದಾನೆ. ಯುದ್ಧಕ್ಕೆ ಕುದುರೆ ಸಾಕಿದವನ ಮಾತು ಅದು. ತೋಟಕ್ಕೆ ಸಾಕುವ ನಮಗೆ ಇನ್ನೂ ಸುಲಭವಾಗಬೇಕು.

ಸಿಟ್ಟಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನುಷ್ಯರ ಸಿಟ್ಟಿನ ಮುಖದ ಫೋಟೊ ತೋರಿಸಿದಾಗ ಕುದುರೆಗಳು ಎಡಗಣ್ಣಿನಿಂದ ಅದನ್ನು ನೋಡಿದವು, ಅವುಗಳ ಎದೆಬಡಿತ ಬೇಗ ಏರಿತು. ಎಡಗಣ್ಣು ಕಂಡದ್ದು ಮುಖ್ಯವಾಗಿ ಮೆದುಳಿನ ಬಲಭಾಗಕ್ಕೆ ಹೋಗುತ್ತದೆ. ಅಪಾಯವನ್ನು ತೂಗುವುದರಲ್ಲಿ ಆ ಭಾಗದ ಪಾತ್ರ ದೊಡ್ಡದು. ಅದೇ ತಂಡ 2018ರಲ್ಲಿ ಇನ್ನೂ ಮುಂದೆ ಹೋಯಿತು. ಬೆಳಿಗ್ಗೆ ಒಬ್ಬರ ಸಿಟ್ಟಿನ ಫೋಟೊ ನೋಡಿದ ಕುದುರೆ, ಅದೇ ವ್ಯಕ್ತಿ ಕೆಲವು ಗಂಟೆಗಳ ಮೇಲೆ ಸಹಜ ಮುಖ ಹೊತ್ತು ಎದುರು ಬಂದಾಗಲೂ ಎಚ್ಚರಿಕೆಯಿಂದಲೇ ನೋಡಿತು. ಆಫೀಸಿನ ಸಿಡುಕನ್ನು ಮುಖದ ಮೇಲಿಟ್ಟುಕೊಂಡು ಸಂಜೆ ಲಾಯಕ್ಕೆ ಹೋಗುವವರು ಇದನ್ನು ನೆನಪಿಡಬೇಕು. ಒಳ್ಳೆಯ ನೆನಪೂ ಅಷ್ಟೇ ಗಟ್ಟಿ. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದಂತೆ, ತಿಂಡಿಯ ಬಹುಮಾನ ಕೊಟ್ಟು ಕಲಿಸಿದ ಎಳೆಯ ಕುದುರೆಗಳು ತಿಂಗಳುಗಳ ನಂತರವೂ ಕಲಿತದ್ದನ್ನು ಮರೆತಿರಲಿಲ್ಲ, ಮನುಷ್ಯರ ಬಳಿಗೆ ತಾವಾಗಿ ಬರುತ್ತಿದ್ದವು. ಹಳೆಯ ಕಹಿಯನ್ನು ಅಳಿಸಲು ಆಗುವುದಿಲ್ಲ. ಅದರ ಮೇಲೆ ಹೊಸ ನೆನಪುಗಳನ್ನು ಪೇರಿಸಲು ಆಗುತ್ತದೆ.

ತಿಂಡಿ ಕೊಡುವುದಾದರೆ ಬುಟ್ಟಿಯಲ್ಲಿ ಕೊಡಿ, ಅಂಗೈಯಲ್ಲಿ ಬೇಡ. ಹಸಿವು ಕಂಡ ಕುದುರೆ ಬೆರಳಿಗೂ ಕ್ಯಾರೆಟ್ಟಿಗೂ ಭೇದ ಮಾಡದು. ಆಮೇಲೆ ಅದನ್ನು ‘ಕಚ್ಚುವ ಕುದುರೆ’ ಎಂದು ಬೈಯುವ ಪ್ರಸಂಗ ಬರುತ್ತದೆ.

ಈಗ ಒಂದು ಎಚ್ಚರಿಕೆ. ಬಂದಾಗ ಬಹಳ ಸಾಧುವಾಗಿದ್ದ ಕುದುರೆ, ಕೆಲವು ತಿಂಗಳು ಚೆನ್ನಾಗಿ ತಿಂದು ಮೈ ತುಂಬಿಕೊಂಡ ಮೇಲೆ ತಿರುಗಿಬೀಳುತ್ತದೆ. ಗೊರಸು ಎತ್ತಲು ಬಿಡುವುದಿಲ್ಲ, ಹಗ್ಗ ಹಿಡಿದರೆ ಎಳೆದಾಡುತ್ತದೆ. ಮನೆಯವರ ಮನಸ್ಸು ಮುರಿಯುತ್ತದೆ. ‘ಅನ್ನ ಹಾಕಿದ್ದಕ್ಕೆ ಕೊಬ್ಬು ಬಂತು’ ಎಂದು ಊರಿನವರು ಹೇಳುತ್ತಾರೆ, ಕಾಳು ಕಡಿಮೆ ಮಾಡಿ, ನಾಲ್ಕು ಬಾರಿಸಿ ಎಂಬ ಸಲಹೆಯೂ ಬರುತ್ತದೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ. ಬಂದಾಗಿನ ಆ ಸಾಧುತನ, ಏನು ಮಾಡಿದರೂ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದ ಜೀವದ್ದು. ಕಾಲೆತ್ತಿದರೆ ಎತ್ತಿಸಿಕೊಂಡಿತು, ಸೂಜಿ ಚುಚ್ಚಿದರೆ ಚುಚ್ಚಿಸಿಕೊಂಡಿತು, ಕಣ್ಣು ಮಾತ್ರ ಎಲ್ಲೋ ದೂರ. ಶಕ್ತಿ ಬಂದ ಮೇಲೆ, ಹೊಡೆತ ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಮೊದಲ ಬಾರಿಗೆ ‘ಬೇಡ’ ಎನ್ನುತ್ತಿದೆ. ಆ ‘ಬೇಡ’ ಕೇಳಿಸಿದ್ದು ನಿಮ್ಮ ಮನೆ ಸುರಕ್ಷಿತ ಎಂಬ ಕಾರಣಕ್ಕೆ. ಅದನ್ನು ಹೊಡೆದು ಅಡಗಿಸಿದರೆ ಹಳೆಯ ಸಾಧು ಕುದುರೆ ಖಂಡಿತ ಮರಳುತ್ತದೆ, ಆದರೆ ಬಿಡಿಸಿ ತಂದದ್ದು ಯಾವ ಭಾಗ್ಯಕ್ಕೆ?

ಹಾಗೆಂದು ಎಲ್ಲ ‘ಬೇಡ’ಕ್ಕೂ ತಲೆಬಾಗಿ ಎನ್ನುತ್ತಿಲ್ಲ. ಗೌರವದ ಪ್ರಶ್ನೆ ಇರುವುದು ಇಲ್ಲಿ. ಚಿಕ್ಕ ತಟ್ಟು ಕುದುರೆಯೂ ಇನ್ನೂರು, ಇನ್ನೂರೈವತ್ತು ಕಿಲೋ ತೂಗುತ್ತದೆ, ರೇಸಿನದು ಅದರ ಎರಡರಷ್ಟು. ಅದು ಪ್ರೀತಿಯಿಂದ ಮೈಗೆ ಒರಗಿದರೂ ಪಕ್ಕೆಲುಬು ಮುರಿಯಬಹುದು. ಆದ್ದರಿಂದ ‘ನನ್ನ ಸುತ್ತ ಇಷ್ಟು ಜಾಗ ನನ್ನದು’ ಎಂದು ಅದಕ್ಕೆ ಕಲಿಸಲೇಬೇಕು. ಆದರೆ ಹಿಂಡಿನಲ್ಲಿ ಒಂದು ಯಜಮಾನ ಕುದುರೆ ಇರುತ್ತದೆ, ನಾವು ಆ ಯಜಮಾನರಾಗಬೇಕು, ಅದಕ್ಕೆ ನಮ್ಮ ಕೈಯ ರುಚಿ ತೋರಿಸಬೇಕು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಕುದುರೆಗಳ ತರಬೇತಿಯನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡುವ ‘ಇಂಟರ್‌ನ್ಯಾಷನಲ್ ಸೊಸೈಟಿ ಫಾರ್ ಇಕ್ವಿಟೇಷನ್ ಸೈನ್ಸ್’ ಕೂಡ, ಹಿಂಡಿನ ಮೇಲು ಕೀಳನ್ನು ತರಬೇತಿಗೆ ಆಧಾರ ಮಾಡಿಕೊಳ್ಳುವುದರ ವಿರುದ್ಧ ಎಚ್ಚರಿಸಿದೆ. ಹಿಂಡಿನಲ್ಲಿ ಒಂದು ಇನ್ನೊಂದನ್ನು ಸರಿಸುವುದು ಹೆಚ್ಚಾಗಿ ನೀರು, ಮೇವಿನ ಸಲುವಾಗಿ. ನಮ್ಮನ್ನು ಅದು ಕುದುರೆ ಎಂದೇನೂ ತಿಳಿದುಕೊಂಡಿರುವುದಿಲ್ಲ.

ಜಾಗ ಬಿಡುವುದನ್ನು ಕಲಿಸಲು ಕೂಗಬೇಕಿಲ್ಲ. ಮೈ ಮೇಲೆ ಒಂದು ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿ ಅದು. ಎದೆಯ ಮೇಲೆ ಎರಡು ಬೆರಳಿಟ್ಟು, ನೊಣಕ್ಕಿಂತ ಕೊಂಚವೇ ಹೆಚ್ಚು ಭಾರ ಹಾಕಿ, ಕಾಯಿರಿ. ಮೊದಲು ಏನೂ ಆಗುವುದಿಲ್ಲ. ಬೆರಳನ್ನು ತೆಗೆಯಲೂಬೇಡಿ, ಭಾರ ಹೆಚ್ಚಿಸಲೂಬೇಡಿ. ಯಾವಾಗಲೋ ಅದು ತನ್ನ ಭಾರವನ್ನು ಒಂದಿಷ್ಟು ಹಿಂದಕ್ಕೆ ವಾಲಿಸುತ್ತದೆ, ಕಾಲು ಎತ್ತಬೇಕೆಂದೂ ಇಲ್ಲ. ಆ ಕ್ಷಣ ಬೆರಳು ತೆಗೆದುಬಿಡಿ, ಬೆನ್ನು ಶುರುವಾಗುವಲ್ಲಿನ ಆ ಉಬ್ಬಿನ ಮೇಲೆ ಒಂದಿಷ್ಟು ಕೆರೆಯಿರಿ. ಮತ್ತೆ ಅದೇ ಮಾತು, ಬಿಟ್ಟುಬಿಡುವುದು. ಹೀಗೆ ಕಲಿತ ಕುದುರೆ ಕೊನೆಗೆ ಬೆರಳು ತೋರಿಸಿದರೆ ಹಿಂದೆ ಸರಿಯುತ್ತದೆ. ಇವತ್ತು ಮೈಮೇಲೆ ಬಂದರೆ ನಕ್ಕು, ನಾಳೆ ಅದಕ್ಕೇ ಹೊಡೆದರೆ ಯಾವ ಕುದುರೆಗೂ ಇದು ಬರುವುದಿಲ್ಲ. ಮನೆಯ ಎಲ್ಲರೂ ಒಂದೇ ನಿಯಮ ಪಾಲಿಸಬೇಕು. ನನ್ನ ಅನುಭವದಲ್ಲಿ ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ, ಗಂಡಸರಿಗೆ ತಡವಾಗುತ್ತದೆ.

ಒಂಟಿ ಕುದುರೆಗೆ ನಂಬಿಕೆ ನಿಧಾನ. ಇನ್ನೊಂದು ಕುದುರೆ ಇಲ್ಲದಿದ್ದರೆ ಕತ್ತೆ, ಆಡು, ಹಸು ಯಾವುದಾದರೂ ಸರಿ, ಕಣ್ಣಳತೆಯಲ್ಲಿ ಒಂದು ಜೊತೆ ಬೇಕು. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಕನಸು ಕಾಣುವ ಗಾಢ ನಿದ್ದೆಗೆ ಅದು ಮಲಗಲೇಬೇಕು, ದಿನಕ್ಕೆ ಅರ್ಧ, ಮುಕ್ಕಾಲು ಗಂಟೆಯಾದರೂ. ಮಲಗಿದ ಕುದುರೆಗೆ ಎದ್ದು ಓಡಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಕಾಯುವವರಿಲ್ಲದ ಕಡೆ ಅದು ಮಲಗುವುದಿಲ್ಲ. ನಿದ್ದೆಗೆಟ್ಟ ಕುದುರೆ ಸಿಡುಕುತ್ತದೆ, ನಿಂತಲ್ಲೇ ಮೊಣಕಾಲು ಕುಸಿದು ಮುಗ್ಗರಿಸುತ್ತದೆ. ಬೆಳಿಗ್ಗೆ ಅದರ ಪಕ್ಕೆಗೆ ಹುಲ್ಲು, ಲದ್ದಿ ಮೆತ್ತಿದೆಯೇ ನೋಡಿ. ಮೆತ್ತಿದ್ದರೆ ರಾತ್ರಿ ಮಲಗಿದೆ ಎಂದು ಲೆಕ್ಕ. ಕುದುರೆ ಹತ್ತಿರ ಬಂದು ಮೂಸಿತೇ ಎಂಬುದಕ್ಕಿಂತ ಈ ಕೊಳೆಯೇ ನನಗೆ ದೊಡ್ಡ ಸುದ್ದಿ.

ಸವಾರಿ ಯಾವಾಗ ಎಂದೂ ಬಹಳ ಜನ ಕೇಳುತ್ತಾರೆ. ಬೆನ್ನು, ಕಾಲು ಪರೀಕ್ಷೆ ಆಗದೆ ಬೇಡ. ಕೆಲವು ಕುದುರೆಗಳಿಗೆ ಎಂದಿಗೂ ಬೇಡ. ಚಂದ್ರಿಯ ಮನೆಯವರು ಆ ಆಸೆಯನ್ನೇ ಬಿಟ್ಟರು. ಅದಕ್ಕೆ ಕಡಿವಾಣವಿಲ್ಲದ, ಮೆತ್ತನೆಯ ಹಾಲ್ಟರ್ ಮಾತ್ರ ಸಾಕೆಂದು ತೀರ್ಮಾನಿಸಿದರು. ಅದನ್ನು ಹಾಕಿಸಿಕೊಳ್ಳಲು ಅದು ತಾನಾಗಿ ಮೂಗು ತೂರಿಸುವವರೆಗೆ ಕಾದರು. ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಕೊನೆಗೆ ಒಂದು ವ್ಯಾವಹಾರಿಕ ಮಾತು. ಕುದುರೆ ‘ಮನುಷ್ಯರನ್ನು’ ನಂಬುವುದಿಲ್ಲ, ನಿಮ್ಮನ್ನು ನಂಬುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೊರೆಯಲು ಬರುವವರನ್ನು, ಚುಚ್ಚುಮದ್ದು ಕೊಡಲು ಬರುವ ನನ್ನಂಥವರನ್ನು ಅದು ಹೊಸದಾಗಿಯೇ ಅಳೆಯುತ್ತದೆ. ಗೊರಸಿನವರನ್ನು ಕರೆಸುವ ಮೊದಲೇ ನಾಲ್ಕೂ ಕಾಲನ್ನು ನೀವೇ ಎತ್ತಿ ಇಳಿಸಿ ಅಭ್ಯಾಸ ಮಾಡಿಸಿ. ಅವರು ಬಂದ ಮೊದಲ ಸಲ ಕೆಲಸ ಮಾಡದೆ, ಬರೀ ಪಕ್ಕದಲ್ಲಿ ನಿಂತು, ಚಹಾ ಕುಡಿದು ಹೋಗಲಿ. ಆ ದಿನದ ಕೂಲಿಯನ್ನು ತಪ್ಪದೆ ಕೊಡಿ. ಇನ್ನು, ಹತ್ತು ವರ್ಷದ ಕುದುರೆ ತಂದವರು ಮುಂದಿನ ಹದಿನೈದು, ಇಪ್ಪತ್ತು ವರ್ಷದ ಮಾತು ಯೋಚಿಸಬೇಕು. ನೀವು ಊರಲ್ಲಿಲ್ಲದಾಗ, ಆಸ್ಪತ್ರೆಯಲ್ಲಿದ್ದಾಗ ಹುಲ್ಲು ಹಾಕಿ ಹಗ್ಗ ಹಿಡಿಯುವವರು ಯಾರು? ಮಗಳೋ, ಅಣ್ಣನ ಮಗನೋ, ಪಕ್ಕದ ತೋಟದವರೋ, ಯಾರೇ ಆಗಲಿ, ಅವರನ್ನು ಮೊದಲ ವಾರದಿಂದಲೇ ಕರೆದುಕೊಂಡು ಹೋಗಿ ಬೇಲಿಯ ಹತ್ತಿರ ಕೂರಿಸಿ.